ಹಾವಿನ ಪಾಠ ಬಿಟ್ಟು ಕ್ಯಾಮೆರಾ ಹಿಡಿದಾಕೆ

ಚರಕದ ಹಿಂದೆ ಕುಳಿತು ಕಾಗದ ಓದುತ್ತಿರುವ ಗಾಂಧೀಜಿಯ ಕಪ್ಪು ಬಿಳುಪು ಫೋಟೊವನ್ನು ನಾವೆಲ್ಲ ನೋಡಿದ್ದೇವೆ. ಅದನ್ನು ತೆಗೆದವರು ಯಾರು ಎಂದು ನಾನು ಹುಡುಕಿದ್ದು ಈ ವರ್ಷವಷ್ಟೇ. ಅದೂ ಇಂಟರ್ನಲ್ಸ್‌ನ ಹಿಂದಿನ ರಾತ್ರಿ, ಥರ್ಮೊಡೈನಮಿಕ್ಸ್ ಪುಸ್ತಕ ಪಕ್ಕಕ್ಕಿಟ್ಟು. ಹೆಸರು ಸಿಕ್ಕಿತು: ಮಾರ್ಗರೆಟ್ ಬರ್ಕ್-ವೈಟ್, ಅಮೆರಿಕದಾಕೆ. ಪುಸ್ತಕ ಮತ್ತೆ ತೆರೆಯಲೇ ಇಲ್ಲ. ಮಾರ್ಕ್ಸ್ ಎಷ್ಟು ಬಂತೆಂದು ಕೇಳಬೇಡಿ.

ನನಗೆ ಈ ಕುತೂಹಲ ಬರಲು ಕಾರಣವಿದೆ. ಪಿಯುಸಿ ಮುಗಿದಾಗ ಫೋಟೊಗ್ರಫಿಯಲ್ಲೇ ಡಿಗ್ರಿ ಮಾಡುತ್ತೇನೆ ಎಂದಿದ್ದೆ. ಫೋಟೊ ತೆಗೆಯುವುದಕ್ಕೂ ಕಾಲೇಜು ಬೇಕೇ ಎಂದು ಅಪ್ಪ ನಕ್ಕರು. ಉತ್ತರ ಹೊಳೆಯಲಿಲ್ಲ, ಮೆಕ್ಯಾನಿಕಲ್‌ಗೆ ಸೇರಿದೆ. ಬರ್ಕ್-ವೈಟ್ ಅವರ ಬದುಕಿನಲ್ಲಿ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು.

ಮಾರ್ಗರೆಟ್ ಹುಟ್ಟಿದ್ದು 1904ರಲ್ಲಿ ನ್ಯೂಯಾರ್ಕಿನಲ್ಲಿ. ತಂದೆ ಜೋಸೆಫ್ ವೈಟ್ ಮುದ್ರಣ ಯಂತ್ರಗಳನ್ನು ವಿನ್ಯಾಸ ಮಾಡುತ್ತಿದ್ದ ಎಂಜಿನಿಯರ್. ಮಾತು ಕಡಿಮೆ, ಸದಾ ಯಾವುದೋ ಯಂತ್ರದ ಯೋಚನೆ. ಒಮ್ಮೆ ಪುಟ್ಟ ಮಗಳನ್ನು ಫೌಂಡ್ರಿಗೆ ಕರೆದೊಯ್ದು ಕರಗಿದ ಕಬ್ಬಿಣ ಸುರಿಯುವುದನ್ನು ತೋರಿಸಿದರು. ಆ ಬೆಂಕಿಯ ಬೆಳಕು ಆಕೆಯ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ. ತಂದೆಗೆ ಫೋಟೊ ತೆಗೆಯುವ ಹವ್ಯಾಸವೂ ಇತ್ತು. ಆದರೆ ಮಗಳ ಪ್ರೀತಿ ಆಗ ಕ್ಯಾಮೆರಾ ಮೇಲಲ್ಲ, ಹಾವು ಕಪ್ಪೆಗಳ ಮೇಲೆ! ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ್ದೂ ಸರೀಸೃಪಗಳನ್ನು ಓದಲಿಕ್ಕೇ.

ಜೊತೆಗೆ ಆಕೆ ವಾರದಲ್ಲಿ ಕೆಲವೇ ಗಂಟೆಗಳ ಇನ್ನೊಂದು ತರಗತಿಗೆ ಸೇರಿಕೊಂಡರು. ಪಾಠ ಮಾಡುತ್ತಿದ್ದವರು ಕ್ಲಾರೆನ್ಸ್ ವೈಟ್ (ಹೆಸರು ಒಂದೇ, ನೆಂಟರೇನಲ್ಲ). ಈ ಮೇಷ್ಟ್ರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅವರು ಓಹಾಯೋದ ಸಣ್ಣ ಊರಿನಲ್ಲಿ ಸಗಟು ದಿನಸಿ ವ್ಯಾಪಾರದ ಕಂಪನಿಯೊಂದರ ಲೆಕ್ಕ ಬರೆಯುತ್ತಿದ್ದವರು. ಫೋಟೊಗ್ರಫಿಯನ್ನು ತಾವೇ ಕಲಿತರು. ಸಂಬಳದಲ್ಲಿ ವಾರಕ್ಕೆ ಎರಡು ಗಾಜಿನ ಪ್ಲೇಟ್ ಕೊಳ್ಳಲಷ್ಟೇ ಸಾಧ್ಯವಿತ್ತು, ಅಂದರೆ ವಾರಕ್ಕೆ ಎರಡೇ ಫೋಟೊ. ಹಾಗಾಗಿ ವಾರವಿಡೀ ಯೋಚಿಸಿ ಎರಡು ಸಲ ಕ್ಲಿಕ್ ಮಾಡುತ್ತಿದ್ದರು. ಒಂದೇ ಟೀ ಕಪ್ಪಿನ ಮೂವತ್ತು ಫೋಟೊ ತೆಗೆಯುವ ನಾನು ಇದನ್ನು ಓದಿ ಸುಮ್ಮನಾದೆ. 1907ರಲ್ಲಿ ಆರ್ಥರ್ ಡೌ ಎಂಬ ಕಲಾ ಪ್ರಾಧ್ಯಾಪಕರು ಈ ಗುಮಾಸ್ತರನ್ನು ಕೊಲಂಬಿಯಾದ ಟೀಚರ್ಸ್ ಕಾಲೇಜಿಗೆ ಕರೆಸಿ ಪಾಠಕ್ಕೆ ನಿಲ್ಲಿಸಿದರು. ವಿಶ್ವವಿದ್ಯಾಲಯದಲ್ಲಿ ಫೋಟೊಗ್ರಫಿಯನ್ನು ಕಲೆಯಾಗಿ ಕಲಿಸುವುದು ಆಗ ತೀರಾ ಹೊಸದು. 1914ರಲ್ಲಿ ವೈಟ್ ತಮ್ಮದೇ ಶಾಲೆಯನ್ನೂ ತೆರೆದರು. ಬಟನ್, ಕೆಮಿಕಲ್‌ಗಳಿಗಿಂತ ಹೆಚ್ಚಾಗಿ ಅವರು ಒತ್ತು ಕೊಟ್ಟದ್ದು ಚೌಕಟ್ಟಿನೊಳಗೆ ಗೆರೆ, ನೆರಳು, ಖಾಲಿ ಜಾಗ ಹೇಗೆ ಕೂರಬೇಕು ಎಂಬುದಕ್ಕೆ. ಮುಂದೆ ಹೆಸರು ಮಾಡಿದ ಡೊರೊಥಿಯಾ ಲ್ಯಾಂಗ್ ಕೂಡ ಅವರ ಶಿಷ್ಯೆ. ಆಕೆ ಕೊಟ್ಟ ಅಸೈನ್‌ಮೆಂಟ್ ಮುಗಿಸುತ್ತಿರಲಿಲ್ಲವಂತೆ. ನಮಗೂ ಆಸೆ ಇದೆ ಎಂದಾಯಿತು.

ಮಾರ್ಗರೆಟ್‌ಗೆ ಅಮ್ಮ 20 ಡಾಲರ್ ಕೊಟ್ಟು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಡಿಸಿದರು. ಅದರ ಲೆನ್ಸ್‌ನಲ್ಲಿ ಬಿರುಕಿತ್ತು. ಅಷ್ಟರಲ್ಲಿ ತಂದೆ ತೀರಿಕೊಂಡಿದ್ದರು, ಮನೆಯಲ್ಲಿ ಹಣವಿರಲಿಲ್ಲ. ಕೊಲಂಬಿಯಾ ಬಿಡಬೇಕಾಯಿತು. ಮುಂದೆ ಮಿಷಿಗನ್, ಪರ್ಡ್ಯೂ, ಕ್ಲೀವ್‌ಲ್ಯಾಂಡ್, ಕೊನೆಗೆ ಕಾರ್ನೆಲ್. ನಡುವೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರೊಂದಿಗೆ ಮದುವೆ, ಎರಡೇ ವರ್ಷದಲ್ಲಿ ವಿಚ್ಛೇದನ. ಕಾರ್ನೆಲ್‌ನಲ್ಲಿ ಕ್ಯಾಂಪಸ್ಸಿನ ಫೋಟೊ ತೆಗೆದು ಮಾರಿದರು. 1927ರಲ್ಲಿ ಪದವಿ ಕೈಗೆ ಬಂತು. ಅದು ಫೋಟೊಗ್ರಫಿಯದ್ದಲ್ಲ, ಜೀವವಿಜ್ಞಾನದ್ದು. ಅಪ್ಪನಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ನನಗೆ ತುಂಬಾ ಇಷ್ಟವಾದದ್ದು ಕ್ಲೀವ್‌ಲ್ಯಾಂಡ್‌ನ ಓಟಿಸ್ ಸ್ಟೀಲ್ ಕಾರ್ಖಾನೆಯ ಪ್ರಸಂಗ. ಹೆಣ್ಣುಮಗಳು ಕುಲುಮೆಯ ಹತ್ತಿರ ಹೋಗುವುದೇ ಎಂದು ಅಲ್ಲಿಯವರಿಗೆ ಅನುಮಾನ. ಹಟ ಹಿಡಿದು ಒಪ್ಪಿಗೆ ಪಡೆದರು. ಆದರೆ ಕಣ್ಣಿಗೆ ಕೆಂಡದಂತೆ ಹೊಳೆಯುವ ಉಕ್ಕು ಫೋಟೊದಲ್ಲಿ ಬರೀ ಕಪ್ಪು! ಕಾರಣ ಸರಳ: ಆಗಿನ ಫಿಲ್ಮ್ ನೀಲಿ ಬೆಳಕನ್ನು ಹಿಡಿಯುತ್ತಿತ್ತು, ಕೆಂಪು ಕಿತ್ತಳೆಯನ್ನು ಹಿಡಿಯುತ್ತಿರಲಿಲ್ಲ. ಕಾದ ಉಕ್ಕಿನ ಬೆಳಕು ಹೆಚ್ಚಾಗಿ ಆ ಬಣ್ಣಗಳದ್ದೇ. ಮತ್ತೆ ಮತ್ತೆ ಸೋತ ಮೇಲೆ ಮೆಗ್ನೀಸಿಯಂ ಫ್ಲೇರ್‌ಗಳನ್ನು ತರಿಸಿ, ಸಹಾಯಕರ ಕೈಗೆ ಕೊಟ್ಟು ಉರಿಸಿದರು. ಬಿಳಿ ಬೆಳಕು ಬಿತ್ತು, ಚಿತ್ರ ಮೂಡಿತು. ವೈಟ್ ಅವರ ತರಗತಿಯ ಚೌಕಟ್ಟೂ ತಂದೆಯ ಫೌಂಡ್ರಿಯೂ ಆ ಫೋಟೊಗಳಲ್ಲಿ ಸೇರಿದವು ಅನಿಸುತ್ತದೆ ನನಗೆ.

ಆ ಚಿತ್ರಗಳು ಪ್ರಕಾಶಕ ಹೆನ್ರಿ ಲೂಸ್ ಕಣ್ಣಿಗೆ ಬಿದ್ದು 1929ರಲ್ಲಿ ‘ಫಾರ್ಚೂನ್’ ಕೆಲಸ ಸಿಕ್ಕಿತು. 1936ರಲ್ಲಿ ‘ಲೈಫ್’ ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲಿ ಬಂದದ್ದು ಆಕೆಯೇ ತೆಗೆದ ಫೋರ್ಟ್ ಪೆಕ್ ಅಣೆಕಟ್ಟಿನ ಫೋಟೊ. ಆಮೇಲೆ ಮಹಾಯುದ್ಧ, ಬಾಂಬ್ ದಾಳಿ, ಬುಕೆನ್‌ವಾಲ್ಡ್‌ನ ಯಾತನಾ ಶಿಬಿರ.

1946ರಲ್ಲಿ ಭಾರತಕ್ಕೆ ಬಂದರು. ಪುಣೆಯಲ್ಲಿದ್ದ ಗಾಂಧೀಜಿಯ ಫೋಟೊ ಬೇಕಿದ್ದರೆ ಮೊದಲು ನೂಲುವುದನ್ನು ಕಲಿಯಬೇಕೆಂದು ಅವರ ಕಾರ್ಯದರ್ಶಿ ಷರತ್ತು ಹಾಕಿದರು. ಉಕ್ಕಿನ ಕಾರ್ಖಾನೆ ಗೆದ್ದಾಕೆ ಚರಕದ ಮುಂದೆ ಕೂತರು, ನೂಲು ಕಡಿದುಕೊಂಡಿತು, ಮತ್ತೆ ಕೂತರು. ಕೊನೆಗೆ ಒಳಗೆ ಬಿಟ್ಟರು. ಅಂದು ಗಾಂಧೀಜಿಯ ಮೌನದ ದಿನ. ಜೋರು ಬೆಳಕು ಅವರಿಗೆ ಆಗದು, ಹಾಗಾಗಿ ಮೂರೇ ಫ್ಲ್ಯಾಷ್ ಬಲ್ಬ್‌ಗೆ ಅನುಮತಿ. ಮೊದಲೆರಡು ಹಾಳಾದವು, ಮೂರನೆಯದು ಫಲಿಸಿತು. ವಾರಕ್ಕೆರಡು ಪ್ಲೇಟಿನ ಮೇಷ್ಟ್ರು 1925ರಲ್ಲೇ ತೀರಿಕೊಂಡಿದ್ದರು.

ಆಕೆಯ ಎಲ್ಲವನ್ನೂ ನಾನು ಒಪ್ಪುವುದಿಲ್ಲ. 1948ರ ಜನವರಿ 30ರಂದು ಗಾಂಧೀಜಿಯನ್ನು ಸಂದರ್ಶಿಸಿ ಬಂದ ಕೆಲವೇ ಗಂಟೆಗಳಲ್ಲಿ ಅವರ ಹತ್ಯೆಯಾಯಿತು. ಪಾರ್ಥಿವ ಶರೀರವಿದ್ದ ಕೋಣೆಗೆ ಆಕೆ ಕ್ಯಾಮೆರಾ ಬಚ್ಚಿಟ್ಟುಕೊಂಡು ಹೋಗಿ ಫ್ಲ್ಯಾಷ್ ಹಾಕಿದರು. ಅಳುತ್ತಿದ್ದವರು ಸಿಟ್ಟಾಗಿ ಫಿಲ್ಮ್ ಹೊರತೆಗೆಸಿದರು. ಸಿಟ್ಟು ನ್ಯಾಯವೇ. ಯಾವಾಗ ಕ್ಲಿಕ್ ಮಾಡಬಾರದು ಎಂಬ ಪಾಠ ಯಾವ ಸಿಲಬಸ್‌ನಲ್ಲಿ ಇರುತ್ತದೋ!

1950ರ ದಶಕದಲ್ಲಿ ಆಕೆಗೆ ಪಾರ್ಕಿನ್ಸನ್ ಕಾಯಿಲೆ ಅಂಟಿತು. ಕ್ಯಾಮೆರಾ ಹಿಡಿವ ಕೈ ಮಾತು ಕೇಳದಾಯಿತು. ಮಿದುಳಿನ ಶಸ್ತ್ರಚಿಕಿತ್ಸೆಯಾಯಿತು, ಬೆರಳುಗಳಿಗೆ ದಿನವೂ ವ್ಯಾಯಾಮ. 1959ರಲ್ಲಿ ಆ ಹೋರಾಟವೇ ‘ಲೈಫ್’ನಲ್ಲಿ ಲೇಖನವಾಯಿತು. ಅದಕ್ಕೆ ಫೋಟೊ ತೆಗೆದವರು ಸಹೋದ್ಯೋಗಿ ಆಲ್‌ಫ್ರೆಡ್ ಐಸೆನ್‌ಸ್ಟಾಟ್. ಬರ್ಕ್-ವೈಟ್ ಕ್ಯಾಮೆರಾದ ಮುಂದೆ ಕೂತಿದ್ದರು, ಏನನ್ನೂ ಮುಚ್ಚಿಡಲಿಲ್ಲ. 1971ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಆಕೆಗೆ 67 ವರ್ಷ.