ಸಾವಿನ ಹೊಸ್ತಿಲಲ್ಲಿ ಕೈಹಿಡಿದ ವೈದ್ಯೆ ಸಿಸಿಲಿ ಸಾಂಡರ್ಸ್

ಕಲಬುರಗಿಯ ರೋಜಾ ಪ್ರದೇಶದಲ್ಲಿ ಖ್ವಾಜಾ ಬಂದೇನವಾಜರ ದರ್ಗಾ ಇದೆ. 1422ರಲ್ಲಿ ಕಾಲವಾದ ಈ ಸೂಫಿ ಸಂತರ ಸನ್ನಿಧಿಗೆ ಇಂದಿಗೂ ಜಾತಿಮತಗಳ ಎಣಿಕೆಯಿಲ್ಲದೆ ಜನ ಬರುತ್ತಾರೆ. ಅದೇ ನಗರದ ಶರಣಬಸವೇಶ್ವರರ ಹೆಸರಿನೊಂದಿಗೆ ದಾಸೋಹದ ಪರಂಪರೆ ಬೆಸೆದುಕೊಂಡಿದೆ. ದಣಿದು ಬಂದವನಿಗೆ ನೆರಳು, ಹಸಿದವನಿಗೆ ಅನ್ನ ಎಂಬುದು ಈ ನೆಲಕ್ಕೆ ಹೊಸದಲ್ಲ. ಯೂರೋಪಿನಲ್ಲಿ ಹಾಸ್ಪಿಸ್ ಎಂಬ ಪದ ಹುಟ್ಟಿದ್ದೂ ಇಂಥದೇ ಭಾವದಿಂದ. ಮಧ್ಯಯುಗದಲ್ಲಿ ಯಾತ್ರಿಕರೂ ರೋಗಿಗಳೂ ತಂಗುತ್ತಿದ್ದ ಆಶ್ರಯತಾಣಗಳಿಗೆ ಆ ಹೆಸರಿತ್ತು. ಬದುಕಿನ ಕೊನೆಯ ಹಾದಿಯಲ್ಲಿರುವ ರೋಗಿಯೂ ಒಬ್ಬ ಯಾತ್ರಿಕನೇ ಎಂದು ಭಾವಿಸಿ, ಆ ಹಳೆಯ ಪದಕ್ಕೆ ಆಧುನಿಕ ವೈದ್ಯಕೀಯದ ಬಲ ತುಂಬಿದವರು ಇಂಗ್ಲೆಂಡಿನ ಡಾ. ಸಿಸಿಲಿ ಸಾಂಡರ್ಸ್.

ಸಿಸಿಲಿ ಹುಟ್ಟಿದ್ದು 1918ರ ಜೂನ್ 22ರಂದು, ಲಂಡನ್ನಿನ ಉತ್ತರಕ್ಕಿರುವ ಬಾರ್ನೆಟ್‌ನಲ್ಲಿ. ಅನುಕೂಲಸ್ಥ ಕುಟುಂಬ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಾಜಕೀಯಶಾಸ್ತ್ರ, ತತ್ವಶಾಸ್ತ್ರ ಮತ್ತು ಅರ್ಥಶಾಸ್ತ್ರ ಓದಲು ಸೇರಿದ್ದ ಅವರು ಎರಡನೆಯ ಮಹಾಯುದ್ಧ ಆರಂಭವಾದಾಗ ಓದನ್ನು ಅರ್ಧಕ್ಕೆ ಬಿಟ್ಟರು. 1940ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯ ತರಬೇತಿಗೆ ಸೇರಿದರು. ಬೆನ್ನುನೋವು ಆ ವೃತ್ತಿಯಲ್ಲಿ ಮುಂದುವರಿಯಗೊಡಲಿಲ್ಲ. ಮತ್ತೆ ಆಕ್ಸ್‌ಫರ್ಡ್‌ಗೆ ಮರಳಿ ಪದವಿ ಮುಗಿಸಿ, ಆಸ್ಪತ್ರೆಗಳಲ್ಲಿ ರೋಗಿಗಳ ಸಂಸಾರದ ಕಷ್ಟಸುಖ ವಿಚಾರಿಸುವ ಸಮಾಜ ಕಾರ್ಯಕರ್ತೆಯಾದರು.

ಅವರ ಬದುಕಿನ ದಿಕ್ಕು ಬದಲಿಸಿದವನು ಒಬ್ಬ ರೋಗಿ. ವಾರ್ಸಾದಿಂದ ಬಂದಿದ್ದ ಯಹೂದಿ ನಿರಾಶ್ರಿತ ಡೇವಿಡ್ ತಾಸ್ಮಾ ಲಂಡನ್ನಿನಲ್ಲಿ ಹೋಟೆಲ್ ಮಾಣಿಯಾಗಿದ್ದ. ಶಸ್ತ್ರಚಿಕಿತ್ಸೆಗೂ ಮೀರಿದ ಕ್ಯಾನ್ಸರ್, ಜೊತೆಗೆ ತನ್ನವರೆಂಬವರು ಯಾರೂ ಇಲ್ಲದ ಒಂಟಿತನ. ಗದ್ದಲದ ವಾರ್ಡಿನಲ್ಲಿ ಸಾಯುವುದಕ್ಕಿಂತ ಮೇಲಾದ ವ್ಯವಸ್ಥೆ ಇಂಥವರಿಗೆ ಇರಬಾರದೇ ಎಂದು ಇಬ್ಬರೂ ಗಂಟೆಗಟ್ಟಲೆ ಮಾತನಾಡುತ್ತಿದ್ದರು. 1948ರ ಫೆಬ್ರುವರಿಯಲ್ಲಿ ತೀರಿಕೊಂಡ ತಾಸ್ಮಾ ತನ್ನ ಉಳಿತಾಯದ 500 ಪೌಂಡುಗಳನ್ನು ಸಿಸಿಲಿಗೆ ಬಿಟ್ಟುಹೋದ. ಅವರು ಮುಂದೆ ಕಟ್ಟಲಿರುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರಬೇಕೆಂಬುದು ಅವನ ಆಸೆಯಾಗಿತ್ತು. ಆ ಕಿಟಕಿಗೆ ಗೋಡೆ ಸಿಗಲು 19 ವರ್ಷ ಹಿಡಿಯಿತು.

ಆ ಬಳಿಕ ಸಿಸಿಲಿ ಲಂಡನ್ನಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ಸಾಯುವವರ ಸೇವೆಗೆ ನಿಂತರು. ಅಲ್ಲಿ ನೋವು ಬರುವ ಮುನ್ನವೇ ಕಾಲಕಾಲಕ್ಕೆ ಮಾರ್ಫಿನ್ ಕೊಡುವ ಪದ್ಧತಿಯಿತ್ತು. ಈ ಕ್ಷೇತ್ರದಲ್ಲಿ ಏನಾದರೂ ಸಾಧಿಸಬೇಕಾದರೆ ವೈದ್ಯೆಯೇ ಆಗಬೇಕು, ಏಕೆಂದರೆ ಸಾಯುತ್ತಿರುವವರನ್ನು ಕೈಬಿಡುವವರು ವೈದ್ಯರೇ ಎಂದು ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಸಲಹೆ ನೀಡಿದರು. ಸಿಸಿಲಿ 33ನೆಯ ವಯಸ್ಸಿನಲ್ಲಿ ವೈದ್ಯಕೀಯ ಓದಲು ಕುಳಿತರು. 1957ರಲ್ಲಿ ವೈದ್ಯೆಯಾದರು.

ಮುಂದಿನ ಏಳು ವರ್ಷ ಹ್ಯಾಕ್ನಿಯ ಸೇಂಟ್ ಜೋಸೆಫ್ಸ್ ಹಾಸ್ಪಿಸ್ ಅವರ ಪ್ರಯೋಗಶಾಲೆಯಾಯಿತು. ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಶಾಸ್ತ್ರೀಯ ಕ್ರಮ ಮಾತ್ರ ಇರಲಿಲ್ಲ. ಆ ಕಾಲದ ಆಸ್ಪತ್ರೆಗಳಲ್ಲಿ ರೋಗಿ ನೋವು ತಾಳಲಾರದೆ ಕೇಳಿದ ಮೇಲೆಯೇ ಮಾರ್ಫಿನ್ ಸಿಗುತ್ತಿತ್ತು. ರೋಗಿ ಅದಕ್ಕೆ ದಾಸನಾಗುತ್ತಾನೆಂಬ ಭಯ ವೈದ್ಯರಲ್ಲಿ ಬೇರೂರಿತ್ತು. ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಸಿಸಿಲಿ ದಾಖಲಿಸಿದರು. ನೋವಿನ ಪ್ರಮಾಣಕ್ಕೆ ತಕ್ಕ ಔಷಧವನ್ನು ನಾಲ್ಕು ತಾಸಿಗೊಮ್ಮೆ ಬಾಯಿಯ ಮೂಲಕ ಕೊಟ್ಟರೆ ರೋಗಿ ಎಚ್ಚರವಾಗಿಯೂ ಸಮಾಧಾನವಾಗಿಯೂ ಇರಬಲ್ಲ, ಆ ಭಯಕ್ಕೆ ಆಧಾರವಿಲ್ಲ ಎಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಪ್ರಕಟಿಸಿದ ಮಾರ್ಗಸೂಚಿಯೂ ಗಡಿಯಾರದ ಪ್ರಕಾರ, ಬಾಯಿಯ ಮೂಲಕ ಔಷಧ ಕೊಡುವ ಈ ಕ್ರಮವನ್ನೇ ಎತ್ತಿಹಿಡಿಯಿತು.

ಆದರೆ ನೋವೆಂದರೆ ದೇಹದ ನೋವಷ್ಟೇ ಅಲ್ಲ ಎಂಬುದು ಸಿಸಿಲಿಯವರ ಬಹುದೊಡ್ಡ ಕಾಣಿಕೆ. ಮಕ್ಕಳ ಗತಿಯೇನೆಂಬ ಚಿಂತೆ, ಸಾಲದ ಹೊರೆ, ಮನೆಯವರಿಗೆ ಭಾರವಾದೆನೆಂಬ ಕೊರಗು, ತನಗೇ ಏಕೆ ಹೀಗಾಯಿತೆಂಬ ಪ್ರಶ್ನೆ ಇವೆಲ್ಲ ಸೇರಿ ಒಂದೇ ನೋವಾಗುತ್ತವೆ. 1960ರ ದಶಕದಲ್ಲಿ ಅವರು ಇದನ್ನು ಸಮಗ್ರ ನೋವು ಎಂದು ಗುರುತಿಸಿದರು. ಅದಕ್ಕೆ ವೈದ್ಯ, ದಾದಿ, ಸಮಾಜ ಕಾರ್ಯಕರ್ತ, ಸ್ವಯಂಸೇವಕ ಎಲ್ಲರೂ ಕೂಡಿ ಚಿಕಿತ್ಸೆ ನೀಡಬೇಕು. ರೋಗಿಯ ಕುಟುಂಬವೂ ಆ ಚಿಕಿತ್ಸೆಯ ಭಾಗ. ಸಾವಿನ ನಂತರವೂ ದುಃಖಿತರ ಕೈಬಿಡಬಾರದು.

1967ರ ಜುಲೈನಲ್ಲಿ ಲಂಡನ್ನಿನ ಆಗ್ನೇಯಕ್ಕಿರುವ ಸಿಡೆನ್‌ಹ್ಯಾಮ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಬಾಗಿಲು ತೆರೆಯಿತು. ಪ್ರಯಾಣಿಕರ ರಕ್ಷಕನೆಂದು ಕ್ರೈಸ್ತರು ನಂಬುವ ಸಂತನ ಹೆಸರು ಅದಕ್ಕೆ. ಆರೈಕೆ, ಸಂಶೋಧನೆ ಮತ್ತು ಬೋಧನೆ ಮೂರೂ ಒಂದೇ ಸೂರಿನಡಿ ನಡೆಯತೊಡಗಿದವು. ತಾಸ್ಮಾನ ಕಿಟಕಿಯೂ ಅಲ್ಲಿ ಮೂಡಿತು. 1969ರಲ್ಲಿ ದಾದಿಯರು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಸೇವೆ ಆರಂಭವಾಯಿತು. ಹಾಸ್ಪಿಸ್ ಎಂಬುದು ಕಟ್ಟಡವಲ್ಲ, ಕ್ರಮ ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ದಯಾಮರಣವನ್ನು ಸಿಸಿಲಿ ಕೊನೆಯವರೆಗೂ ವಿರೋಧಿಸಿದರು. ಸಾವನ್ನು ಬೇಗ ತರುವುದೂ ಅಲ್ಲ, ಯಂತ್ರಗಳಿಂದ ಎಳೆದಾಡುವುದೂ ಅಲ್ಲ, ಉಳಿದ ದಿನಗಳನ್ನು ಬದುಕಿಸುವುದು ಅವರ ಗುರಿಯಾಗಿತ್ತು.

ಭಾರತದಲ್ಲಿ ಈ ದೀಪ ಹೊತ್ತಿದ್ದು 1986ರಲ್ಲಿ, ಮುಂಬಯಿಯ ಶಾಂತಿ ಅವೇದನಾ ಸದನದ ಮೂಲಕ. ಕರ್ನಾಟಕದಲ್ಲಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪನೆಯಾಯಿತು. ಮಾರತಹಳ್ಳಿ ಬಳಿಯ ಅದರ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ನೀಡಲಾಗುತ್ತದೆ. ಆದರೆ ಮಾದಕ ವಸ್ತುಗಳ ಕುರಿತ 1985ರ ಕಾಯ್ದೆಯ ಬಿಗಿಯಿಂದಾಗಿ ಆಸ್ಪತ್ರೆಗಳಿಗೆ ಮಾರ್ಫಿನ್ ಪಡೆಯುವುದೇ ದುಸ್ತರವಾಗಿತ್ತು. ಅಫೀಮು ಬೆಳೆದು ಹೊರದೇಶಗಳಿಗೂ ಕಳಿಸುವ ನಾಡಿನಲ್ಲೇ ರೋಗಿಗಳು ನರಳಬೇಕಾಯಿತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು.

ಗಂಟು ಸಡಿಲವಾದರೂ ಹಾದಿ ದೂರವಿದೆ. ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂಬ ಮಾತು ಕೇಳಿ ಹಿಂದಿರುಗುವ ಕುಟುಂಬಗಳು ಇಂದಿಗೂ ಇವೆ. ರೋಜಾದ ಗಲ್ಲಿಯ ಮನೆಯಾಗಲಿ, ಕಮಲಾಪುರದ ಹಳ್ಳಿಯ ಮನೆಯಾಗಲಿ, ಅಲ್ಲಿಂದ ನೂರಾರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹಾಸಿಗೆ ಹಿಡಿದವರನ್ನು ಸಾಗಿಸುವುದು ಸುಲಭವಲ್ಲ. ಅಂಥವರಿಗೆ 1969ರ ಪಾಠವೇ ದಾರಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ, ಹುಣ್ಣು ತೊಳೆಯಲು ಮನೆಗೆ ಬರುವ ತರಬೇತಾದ ದಾದಿ, ಮನೆಯವರ ಮಾತಿಗೆ ಕಿವಿಗೊಡುವ ಒಬ್ಬ ಕಾರ್ಯಕರ್ತ. ಇಷ್ಟಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ.

ಟೆಂಪಲ್ಟನ್ ಪ್ರಶಸ್ತಿ, ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವಗಳು ಸಿಸಿಲಿಯವರನ್ನು ಅರಸಿ ಬಂದವು. 1980ರಲ್ಲಿ ಅವರು ವಿವಾಹವಾದ ಪೋಲೆಂಡಿನ ಚಿತ್ರಕಲಾವಿದ ಮರಿಯನ್ ಬೋಹುಷ್ 1995ರಲ್ಲಿ ನಿಧನರಾದರು. ಬಳಿಕ ಸ್ತನ ಕ್ಯಾನ್ಸರ್ ಸಿಸಿಲಿಯವರನ್ನೇ ಕಾಡಿತು. 2005ರ ಜುಲೈ 14ರಂದು, 87ನೆಯ ವಯಸ್ಸಿನಲ್ಲಿ, ತಾವೇ ಕಟ್ಟಿದ ಸೇಂಟ್ ಕ್ರಿಸ್ಟೋಫರ್ಸ್‌ನ ಹಾಸಿಗೆಯಲ್ಲಿ ಅವರು ಕೊನೆಯುಸಿರೆಳೆದರು. ಸಾವಿರಾರು ಅಪರಿಚಿತರಿಗೆ ಒದಗಿಸಿಕೊಟ್ಟ ನೆಮ್ಮದಿಯ ಆರೈಕೆಯೇ ಕೊನೆಗೆ ಅವರಿಗೂ ಒದಗಿತು.