ಧ್ರುವಪ್ರಭೆಯ ಬೆನ್ನುಹತ್ತಿದ ಪ್ರೊಫೆಸರ್ ಬಿರ್ಕೆಲಾಂಡ್

ಬ್ಯಾಂಕಿನ ಗುಮಾಸ್ತರಾದ ನಮಗೆ ನೋಟುಗಳ ಸಹವಾಸ ನಿತ್ಯದ್ದು. ಅವುಗಳನ್ನು ಎಣಿಸುವುದೇ ನಮ್ಮ ಕಸಬಾದುದರಿಂದ, ಅವುಗಳ ಮೇಲಿನ ಮುಖವನ್ನು ನೋಡುವ ವ್ಯವಧಾನ ನಮಗಿರುವುದು ಅಪರೂಪ. ಕೆಲವು ವರ್ಷಗಳ ಹಿಂದೆ ಗ್ರಾಹಕರೊಬ್ಬರು ನಾರ್ವೆ ದೇಶದ 200 ಕ್ರೋನರಿನ ಹಳೆಯ ನೋಟೊಂದನ್ನು ತಂದು ಬದಲಾಯಿಸಿಕೊಡುವಂತೆ ಕೇಳಿದರು. 1994ರಲ್ಲಿ ಹೊರಬಂದಿದ್ದ ಆ ನೋಟಿನ ಚಲಾವಣೆ 2018ರ ಮೇ ತಿಂಗಳಲ್ಲಿಯೇ ನಿಂತುಹೋಗಿತ್ತು. ನಡೆಯದ ನೋಟೆಂದು ಹಿಂದಿರುಗಿಸುವ ಮುನ್ನ ಅದರ ಮೇಲಿನ ಚಿತ್ರದ ಕಡೆಗೆ ನಮ್ಮ ದೃಷ್ಟಿ ಹರಿಯಿತು. ಅಲ್ಲಿದ್ದವರು ರಾಜರೂ ಅಲ್ಲ, ಮಂತ್ರಿಗಳೂ ಅಲ್ಲ. ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಎಂಬ ಒಬ್ಬ ಮೇಷ್ಟರು. ಒಂದು ದೇಶವು ತನ್ನ ನಾಣ್ಯದ ಮೇಲೆ ಮೇಷ್ಟರೊಬ್ಬರನ್ನು ಕೂರಿಸಿತೆಂದರೆ ಅವರ ಕಥೆಯನ್ನು ತಿಳಿಯಲೇಬೇಕೆನಿಸಿತು. ತಿಳಿದಷ್ಟನ್ನು ನಮ್ಮ ಸಂಘದ ಬಾಂಧವರ ಮುಂದಿಡುತ್ತಿದ್ದೇವೆ.

ಬಿರ್ಕೆಲಾಂಡರು ಜನಿಸಿದ್ದು 1867ರ ಡಿಸೆಂಬರ್ 13ರಂದು, ಇಂದು ಓಸ್ಲೋ ಎಂದು ಹೆಸರಾದ ಕ್ರಿಸ್ಟಿಯಾನಿಯಾ ನಗರದಲ್ಲಿ. ಅಲ್ಲಿಯೇ ಕಲಿತು, ಪ್ಯಾರಿಸ್, ಜಿನೀವಾ, ಬಾನ್ ನಗರಗಳಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಬಳಿ ಅಭ್ಯಾಸ ಮಾಡಿ, 1898ರಲ್ಲಿ ಮೂವತ್ತೊಂದು ತುಂಬುವಷ್ಟರಲ್ಲಿ ತಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಪದವಿಗೆ ಏರಿದರು.

ನಾರ್ವೆಯ ಉತ್ತರದ ಅಂಚಿನಲ್ಲಿ ಚಳಿಗಾಲದ ಇರುಳು ಆಕಾಶದಲ್ಲಿ ಹಸಿರು, ಕೆಂಪು ಬಣ್ಣದ ಬೆಳಕಿನ ಪರದೆಗಳು ತೂಗಾಡುತ್ತವೆ. ಇದೇ ಧ್ರುವಪ್ರಭೆ. ಅದು ಕಾಣಿಸಿದಾಗಲೆಲ್ಲ ಕಾಂತಸೂಚಿಗಳು ನಡುಗುತ್ತವೆ ಎಂಬುದು ಬಹುಕಾಲದಿಂದ ತಿಳಿದಿದ್ದ ವಿಷಯ. ನಾವು ನೆಲೆಸಿರುವ ಈ ಮುಂಬಯಿಯ ಕೊಲಾಬಾ ವೀಕ್ಷಣಾಲಯದವರು ಕೂಡ 1859ರ ಸೆಪ್ಟೆಂಬರಿನ ಮಹಾ ಕಾಂತ ಬಿರುಗಾಳಿಯನ್ನು ಅಳೆದು ದಾಖಲೆ ಮಾಡಿಟ್ಟಿದ್ದಾರೆ. ಆದರೆ ಬೆಳಕಿಗೂ ಸೂಚಿಗೂ ಇರುವ ನಂಟು ಏನು? 1896ರಲ್ಲಿ ಬಿರ್ಕೆಲಾಂಡರು ಉತ್ತರ ಕೊಟ್ಟರು. ಸೂರ್ಯನಿಂದ ವಿದ್ಯುದಾವಿಷ್ಟ ಕಣಗಳು ಹೊರಟು ಬರುತ್ತವೆ. ಭೂಮಿಯೆಂಬ ಮಹಾ ಅಯಸ್ಕಾಂತವು ಅವುಗಳನ್ನು ಧ್ರುವಗಳ ಕಡೆಗೆ ತಿರುಗಿಸುತ್ತದೆ. ಅವು ಮೇಲಿನ ವಾಯುವಿಗೆ ಬಡಿದಾಗ ಅದು ಬೆಳಗುತ್ತದೆ ಎಂಬುದು ಅವರ ಸಿದ್ಧಾಂತ.

ಹೇಳಿ ಸುಮ್ಮನಾಗುವ ಜಾಯಮಾನ ಅವರದಲ್ಲ. ಒಂದು ಗೋಳದೊಳಗೆ ವಿದ್ಯುತ್ಕಾಂತವನ್ನಿಟ್ಟು, ಕಣ ಬಡಿದಲ್ಲಿ ಹೊಳೆಯುವ ಲೇಪವನ್ನು ಮೇಲೆ ಬಳಿದು, ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ತೂಗುಹಾಕಿದರು. ಇದಕ್ಕೆ ‘ಟೆರೆಲ್ಲಾ’, ಎಂದರೆ ಕಿರುಭೂಮಿ ಎಂದು ಹೆಸರು. ಅದರತ್ತ ಕ್ಯಾಥೋಡ್ ಕಿರಣಗಳನ್ನು ಹಾಯಿಸಿದಾಗ, ಗೋಳದ ಎರಡು ಧ್ರುವಗಳ ಸುತ್ತಲೂ ಬಳೆಯಂತೆ ಬೆಳಕು ಮೂಡಿತು! ಆಕಾಶದ ಧ್ರುವಪ್ರಭೆ ಪ್ರಯೋಗಶಾಲೆಗೆ ಇಳಿದು ಬಂದಿತ್ತು. ವರ್ಷ ವರ್ಷಕ್ಕೂ ಪೆಟ್ಟಿಗೆಗಳು ದೊಡ್ಡವಾದುವು. ಕೊನೆಯ ಕಿರುಭೂಮಿಯ ವ್ಯಾಸ 36 ಸೆಂಟಿಮೀಟರ್.

ಆದರೂ ಪೆಟ್ಟಿಗೆಯಲ್ಲಿ ಕಂಡದ್ದು ಆಕಾಶದಲ್ಲಿಯೂ ನಡೆಯುತ್ತದೆಂದು ಯಾರು ನಂಬಬೇಕು? ಆದ್ದರಿಂದ ಅಳತೆಯ ಉಪಕರಣಗಳನ್ನು ಹೊತ್ತು ಅವರು ಉತ್ತರಕ್ಕೆ ನಡೆದರು. 1899ರಲ್ಲಿ ಹಾಲ್ಡೆ ಎಂಬಲ್ಲಿ ಸುಮಾರು 900 ಮೀಟರ್ ಎತ್ತರದ ಬೋಳು ಬೆಟ್ಟದ ಮೇಲೆ ಕಲ್ಲಿನ ಮನೆ ಕಟ್ಟಿಸಿ, ಸೂರ್ಯನೇ ಮೂಡದ ಚಳಿಗಾಲವನ್ನು ಅಲ್ಲಿ ಕಳೆದರು. ಆ ಸಾಹಸದಲ್ಲಿ ಒಬ್ಬ ತರುಣ ಸಹಾಯಕನು ಹಿಮದ ಕುಸಿತಕ್ಕೆ ಸಿಕ್ಕಿ ಪ್ರಾಣಬಿಟ್ಟನು. ಇಷ್ಟಾದರೂ ಎದೆಗುಂದದೆ, 1902-03ರಲ್ಲಿ ನಾರ್ವೆ, ಐಸ್‌ಲ್ಯಾಂಡ್, ಸ್ಪಿಟ್ಸ್‌ಬರ್ಗನ್, ನೋವಯಾ ಜೆಮ್ಲ್ಯಾ ಈ ನಾಲ್ಕು ಕಡೆಗಳಲ್ಲಿ ಏಕಕಾಲಕ್ಕೆ ಕಾಂತಸೂಚಿಗಳ ಚಲನೆಯನ್ನು ದಾಖಲು ಮಾಡಿಸಿದರು. ನಾಲ್ಕು ಶಾಖೆಗಳ ಲೆಕ್ಕವನ್ನು ಒಂದೇ ಖಾತೆಗೆ ತಂದು ತಾಳೆ ನೋಡುವಂತೆ ಅವನ್ನೆಲ್ಲ ಹೋಲಿಸಿ, ಧ್ರುವಪ್ರಭೆಯ ಜಾಡಿನಲ್ಲಿ ಭಾರೀ ವಿದ್ಯುತ್ಪ್ರವಾಹ ಹರಿಯುತ್ತದೆಂದೂ, ಅದು ಕಾಂತರೇಖೆಗಳ ಗುಂಟ ಅಂತರಿಕ್ಷದಿಂದ ಇಳಿದು ಮತ್ತೆ ಅಂತರಿಕ್ಷಕ್ಕೇ ಏರಿಹೋಗುತ್ತದೆಂದೂ ತೀರ್ಮಾನಿಸಿದರು. 1908 ಮತ್ತು 1913ರಲ್ಲಿ ಇದೆಲ್ಲವೂ ಬೃಹದ್ಗ್ರಂಥವಾಗಿ ಹೊರಬಂದಿತು.

ಇಂಥ ಸಾಹಸಗಳಿಗೆ ಹಣವೆಲ್ಲಿಂದ ಬರಬೇಕು? ಅದಕ್ಕಾಗಿ ಅವರು ವಿದ್ಯುತ್ಕಾಂತದಿಂದ ಗುಂಡು ಹಾರಿಸುವ ಫಿರಂಗಿಯೊಂದನ್ನು ನಿರ್ಮಿಸಿದರು. 1903ರ ಮಾರ್ಚಿನಲ್ಲಿ ಗಣ್ಯರ ಸಮ್ಮುಖದಲ್ಲಿ ಗುಂಡಿ ಒತ್ತಿದಾಗ ಗುಂಡಿಗೆ ಬದಲಾಗಿ ಭಯಂಕರ ಬೆಂಕಿಯ ಜ್ವಾಲೆ ಹೊರಟಿತು, ಸಭೆ ಚೆದುರಿತು. ಆದರೆ ಬಿರ್ಕೆಲಾಂಡರ ದೃಷ್ಟಿ ಆ ಜ್ವಾಲೆಯ ಮೇಲೆಯೇ ನೆಟ್ಟಿತು. ಗಾಳಿಯಲ್ಲಿರುವ ಸಾರಜನಕವನ್ನು ಗೊಬ್ಬರವಾಗಿಸಲು ಅಂಥ ಜ್ವಾಲೆಯನ್ನೇ ಹುಡುಕುತ್ತಿದ್ದ ಇಂಜಿನಿಯರ್ ಸಾಮ್ ಐಡೆಯವರು ಜೊತೆಗೂಡಿದರು. ವಿದ್ಯುತ್ ಜ್ವಾಲೆಯನ್ನು ಅಯಸ್ಕಾಂತದಿಂದ ದೊಡ್ಡ ತಟ್ಟೆಯಂತೆ ಹರಡಿ, ಅದರ ಮೂಲಕ ಗಾಳಿಯನ್ನು ಹಾಯಿಸುವುದೇ ಅವರ ವಿಧಾನ. 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಸ್ಥಾಪನೆಯಾಯಿತು. ಮುಂದೆ ಕಡಿಮೆ ವಿದ್ಯುತ್ತು ಬೇಡುವ ಬೇರೆ ವಿಧಾನ ಬಂದು ಇದು ಮೂಲೆಗೆ ಸರಿಯಿತಾದರೂ, ಆ ಕಂಪನಿಯು ನಾರ್ವೆಯ ಉದ್ಯಮಕ್ಕೆ ಅಡಿಗಲ್ಲಾಯಿತು.

ಹಣ ಬಂದಿತು, ನೆಮ್ಮದಿ ಬರಲಿಲ್ಲ. ಹಗಲಿರುಳೂ ಪ್ರಯೋಗದಲ್ಲಿ ಮುಳುಗಿದ್ದವರ ಸಂಸಾರ ಹೇಗೆ ನಡೆದೀತು? 1905ರಲ್ಲಿ ಆದ ವಿವಾಹ 1911ರಲ್ಲಿ ಮುರಿಯಿತು. ನಿದ್ರೆ ಬಾರದೆ ನಿದ್ರೆಯ ಔಷಧಕ್ಕೆ ಅಂಟಿಕೊಂಡರು. ಸೂರ್ಯಾಸ್ತದ ಮೇಲೆ ಕಾಣುವ ಮಂದ ಬೆಳಕೊಂದನ್ನು ಅಭ್ಯಸಿಸಲು 1913ರಲ್ಲಿ ಈಜಿಪ್ಟಿಗೆ ಹೋದವರು, ಮಹಾಯುದ್ಧದಿಂದಾಗಿ ಅಲ್ಲಿಯೇ ಉಳಿದರು. ಯಾರೋ ತಮ್ಮನ್ನು ಬೇಹು ನೋಡುತ್ತಿದ್ದಾರೆಂಬ ಶಂಕೆ ಮನಸ್ಸನ್ನು ತಿನ್ನತೊಡಗಿತು. 1917ರಲ್ಲಿ ಪೂರ್ವಕ್ಕೆ ಹೊರಟು ಜಪಾನನ್ನು ತಲುಪಿ, ಜೂನ್ 15ರಂದು ಟೋಕಿಯೋದ ಹೋಟೆಲೊಂದರ ಕೋಣೆಯಲ್ಲಿ, ಮಿತಿಮೀರಿದ ಔಷಧ ಸೇವನೆಯಿಂದ ತೀರಿಕೊಂಡರು. ಆಗ ಅವರ ವಯಸ್ಸು 49. ಬಂಧುಗಳಾರೂ ಹತ್ತಿರವಿರಲಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಮಾತು ತಟ್ಟದೆ ಇರದು. ಯುದ್ಧ ಮುಗಿದ ಮೇಲೆ ಅವರ ಅಸ್ಥಿ ಸ್ವದೇಶದ ಮಣ್ಣನ್ನು ಸೇರಿತು.

ಅವರ ಸಿದ್ಧಾಂತದ ಗತಿಯೂ ಅಂಥದೇ. ಸಿಡ್ನಿ ಚಾಪ್ಮನ್ ಎಂಬ ಇಂಗ್ಲಿಷ್ ಗಣಿತಜ್ಞರು, ಆ ಪ್ರವಾಹಗಳು ವಾಯುಮಂಡಲದ ಮೇಲ್ಪದರದಲ್ಲಿಯೇ ಸುತ್ತುತ್ತವೆ, ಅಂತರಿಕ್ಷದಿಂದ ಬರಬೇಕಾಗಿಲ್ಲ ಎಂದು ಸಾಧಿಸಿದರು. ನೆಲದ ಮೇಲಿನ ಸೂಚಿಯಿಂದ ಇಬ್ಬರಲ್ಲಿ ಯಾರು ಸರಿಯೆಂದು ಹೇಳಲು ಸಾಧ್ಯವಿರಲಿಲ್ಲ. ಸ್ವೀಡನ್ನಿನ ಹಾನೆಸ್ ಆಲ್ಫ್ವೆನ್‌ರಂಥ ಕೆಲವರನ್ನು ಬಿಟ್ಟರೆ ಬಿರ್ಕೆಲಾಂಡರ ಕಡೆ ನಿಂತವರು ವಿರಳ. ಖಾತೆ ಇತ್ಯರ್ಥವಾಗದೆ ಐವತ್ತು ವರ್ಷ ಉಳಿಯಿತು. 1963ರಲ್ಲಿ ಅಮೆರಿಕದ ಉಪಗ್ರಹವೊಂದು ಕಾಂತಮಾಪಕವನ್ನು ಹೊತ್ತು ಸುಮಾರು 1,100 ಕಿಲೋಮೀಟರ್ ಎತ್ತರದಲ್ಲಿ ಸುತ್ತತೊಡಗಿತು. ಧ್ರುವಪ್ರಭೆಯ ವಲಯವನ್ನು ದಾಟುವಾಗಲೆಲ್ಲ ಅದರ ಮಾಪಕ ಅಲುಗಿತು. 1967ರಲ್ಲಿ ಅದರ ಅರ್ಥ ಸ್ಪಷ್ಟವಾಯಿತು: ಪ್ರವಾಹವು ಅಂತರಿಕ್ಷದಿಂದಲೇ ಇಳಿಯುತ್ತಿತ್ತು! ಅವರು ಸತ್ತು ಆಗ ಸರಿಯಾಗಿ ಐವತ್ತು ವರ್ಷ. ಇಂದು ಅದಕ್ಕೆ ಬಿರ್ಕೆಲಾಂಡ್ ಪ್ರವಾಹವೆಂದೇ ಹೆಸರು.

ವಿದ್ಯುತ್ಕಣಗಳಾಗಿ ಒಡೆದ ಇಂಥ ಅನಿಲಕ್ಕೆ ಈಗ ಪ್ಲಾಸ್ಮಾ ಎನ್ನುತ್ತಾರೆ. ಲ್ಯಾಂಗ್ಮ್ಯೂರರು ಆ ಹೆಸರಿಟ್ಟದ್ದು 1928ರಲ್ಲಿ. ಹೆಸರು ಹುಟ್ಟುವ ಮೊದಲೇ ಬಿರ್ಕೆಲಾಂಡರು ಅದನ್ನು ಗಾಜಿನಲ್ಲಿಯೂ ಗಗನದಲ್ಲಿಯೂ ಅಳೆದಿದ್ದರು. ನಮ್ಮ ದೇಶವು 2023ರ ಸೆಪ್ಟೆಂಬರ್ 2ರಂದು ಕಳುಹಿಸಿದ ಆದಿತ್ಯ ಎಲ್-1 ನೌಕೆ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನ ಪ್ಲಾಸ್ಮಾವನ್ನು ಅಳೆಯಲೆಂದೇ ಹೋದದ್ದು. ಅದರ ಕಾಂತಮಾಪಕವು ಸಿದ್ಧವಾದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಆ ಗ್ರಾಹಕರಿಗೆ ನೋಟನ್ನು ಹಿಂದಿರುಗಿಸುವಾಗ, ಇದನ್ನು ಜೋಪಾನವಾಗಿಡಿ, ಮಕ್ಕಳಿಗೆ ತೋರಿಸಿ ಎಂದೆವು. ನೋಟಿನ ಚಲಾವಣೆ ಮುಗಿದಿರಬಹುದು. ಅದರ ಮೇಲಿದ್ದ ಮಹನೀಯರ ಲೆಕ್ಕ ಮಾತ್ರ ಇಂದಿಗೂ ಚಲಾವಣೆಯಲ್ಲಿದೆ.