ಮಿಖಾಯಿಲ್ ಬಕುನಿನ್

ಮಿಖಾಯಿಲ್ ಅಲೆಕ್ಸಾಂಡ್ರೊವಿಚ್ ಬಕುನಿನ್ (ಮೇ 30, 1814 – ಜುಲೈ 1, 1876) ರಷ್ಯಾದ ಕ್ರಾಂತಿಕಾರಿ, ಅರಾಜಕತಾವಾದದ ಪ್ರಮುಖ ಪ್ರತಿಪಾದಕ. ಬಂಡವಾಳಶಾಹಿ ಅಳಿದ ಮೇಲೆ ಪ್ರಭುತ್ವ ಉಳಿಯಬೇಕೇ ಎಂಬ ಪ್ರಶ್ನೆಯಲ್ಲಿ ಕಾರ್ಲ್ ಮಾರ್ಕ್ಸ್‌ನೊಡನೆ ಈತನಿಗಿದ್ದ ಭಿನ್ನಾಭಿಪ್ರಾಯ ಸಮಾಜವಾದಿ ಚಳವಳಿಯನ್ನು ಇಬ್ಭಾಗವಾಗಿಸಿತು.

ಜೀವನ

ಬಕುನಿನ್ ಜನಿಸಿದ್ದು ತ್ವೆರ್ ಪ್ರಾಂತದ ಜಮೀನ್ದಾರ ಮನೆತನವೊಂದರಲ್ಲಿ. ಸೈನ್ಯದ ಕೆಲಸ ತೊರೆದು, 1840ರಲ್ಲಿ ಹೆಗೆಲನ ತತ್ತ್ವವನ್ನು ಅಭ್ಯಾಸ ಮಾಡಲು ಬರ್ಲಿನ್‌ಗೆ ತೆರಳಿದ. 1844ರಲ್ಲಿ ಪ್ಯಾರಿಸಿನಲ್ಲಿ ಮಾರ್ಕ್ಸ್ ಮತ್ತು ಪ್ರೂಧೋನರ ಪರಿಚಯವಾಯಿತು. 1849ರ ಡ್ರೆಸ್ಡೆನ್ ದಂಗೆಯಲ್ಲಿ ಪಾಲ್ಗೊಂಡು ಸೆರೆಸಿಕ್ಕಿದ. ಸ್ಯಾಕ್ಸನಿ, ಆಸ್ಟ್ರಿಯ ಎರಡೂ ಮರಣದಂಡನೆ ವಿಧಿಸಿ, ಬಳಿಕ ಅದನ್ನು ಜೀವಾವಧಿ ಸೆರೆಗೆ ಇಳಿಸಿದವು. 1851ರಲ್ಲಿ ಈತನನ್ನು ರಷ್ಯಾಕ್ಕೆ ಒಪ್ಪಿಸಲಾಯಿತು. ಅಲ್ಲಿನ ಕೋಟೆ ಸೆರೆಮನೆಗಳಲ್ಲಿ ಸ್ಕರ್ವಿ ರೋಗದಿಂದ ಹಲ್ಲುಗಳು ಉದುರಿದವು. 1857ರಲ್ಲಿ ಸೈಬೀರಿಯಕ್ಕೆ ಗಡೀಪಾರಾದ ಈತ 1861ರಲ್ಲಿ ತಪ್ಪಿಸಿಕೊಂಡು ಜಪಾನ್, ಅಮೆರಿಕಗಳ ಮಾರ್ಗವಾಗಿ ಲಂಡನ್ ಸೇರಿದ. ಪ್ರಭುತ್ವವೆಂಬುದು ಈತನಿಗೆ ಕೇವಲ ತಾತ್ತ್ವಿಕ ಪರಿಕಲ್ಪನೆಯಾಗಿರಲಿಲ್ಲ.

ಪ್ರಭುತ್ವದ ಕುರಿತ ವಾದ

1868ರಲ್ಲಿ ಬಕುನಿನ್ ಅಂತರರಾಷ್ಟ್ರೀಯ ಕಾರ್ಮಿಕರ ಸಂಘವನ್ನು ಸೇರಿದ. ಉತ್ಪಾದನಾ ಸಾಧನಗಳು ಸಮಷ್ಟಿಯ ಸ್ವತ್ತಾಗಬೇಕು ಎಂಬಲ್ಲಿ ಮಾರ್ಕ್ಸ್‌ಗೂ ಈತನಿಗೂ ಭೇದವಿರಲಿಲ್ಲ, ಭೇದವಿದ್ದುದು ಮಾರ್ಗದಲ್ಲಿ. ಕಾರ್ಮಿಕರು ರಾಜಕೀಯ ಅಧಿಕಾರವನ್ನು ಕೈವಶ ಮಾಡಿಕೊಂಡು ವರ್ಗಗಳು ಅಳಿಯುವವರೆಗೆ ಅದನ್ನು ಬಳಸಬೇಕು, ಅನಂತರ ದಮನದ ಯಂತ್ರಕ್ಕೆ ಕೆಲಸವೇ ಇರದು ಎಂಬುದು ಮಾರ್ಕ್ಸ್‌ನ ನಿಲುವು. ತಾತ್ಕಾಲಿಕವೆಂದು ಸ್ಥಾಪಿತವಾದ ಅಧಿಕಾರ ತಾನಾಗಿ ತೊಲಗುವುದಿಲ್ಲವೆಂಬುದು ಬಕುನಿನ್‌ನ ಆಕ್ಷೇಪ. ಕೆಳಗಿನಿಂದ ಮೇಲಕ್ಕೆ ಕಟ್ಟಿದ ಸ್ವತಂತ್ರ ಸಮುದಾಯಗಳ ಒಕ್ಕೂಟವನ್ನು ಈತ ಪರ್ಯಾಯವಾಗಿ ಮುಂದಿಟ್ಟ. 1871ರ ಪ್ಯಾರಿಸ್ ಕಮ್ಯೂನನ್ನು ಇಬ್ಬರೂ ಮೆಚ್ಚಿದರು. ಇಬ್ಬರೂ ಅದರಲ್ಲಿ ಕಂಡದ್ದು ತಂತಮ್ಮ ವಾದದ ಸಮರ್ಥನೆಯನ್ನೇ.

1872ರ ಹೇಗ್ ಅಧಿವೇಶನ ಬಕುನಿನ್‌ನನ್ನು ಸಂಘದಿಂದ ಉಚ್ಚಾಟಿಸಿತು. ಸಂಘದೊಳಗೆ ಗುಪ್ತಕೂಟ ನಡೆಸಿದನೆಂಬುದು ಮುಖ್ಯ ಆರೋಪ. ಮಾರ್ಕ್ಸ್‌ನ 'ಬಂಡವಾಳ' ಗ್ರಂಥವನ್ನು ರಷ್ಯನ್‌ಗೆ ಅನುವಾದಿಸಲು ಮುಂಗಡ ಪಡೆದು ಕೆಲಸವನ್ನು ಕೈಬಿಟ್ಟ ಪ್ರಕರಣವೂ ಅಲ್ಲಿ ಪ್ರಸ್ತಾಪವಾಯಿತು. ಸಂಘದ ಕೇಂದ್ರ ಮಂಡಳಿ ನ್ಯೂಯಾರ್ಕಿಗೆ ಸ್ಥಳಾಂತರಗೊಂಡು ಕ್ರಮೇಣ ನಿಸ್ತೇಜವಾಯಿತು.

1873ರಲ್ಲಿ ಹೊರಬಂದ 'ಪ್ರಭುತ್ವವಾದ ಮತ್ತು ಅರಾಜಕತೆ' ಈತನ ವಾದದ ಅತ್ಯಂತ ಸ್ಪಷ್ಟ ನಿರೂಪಣೆ. ಆಳುವ ಸ್ಥಾನಕ್ಕೇರಿದ ಕಾರ್ಮಿಕ ಕಾರ್ಮಿಕನಾಗಿ ಉಳಿಯುವುದಿಲ್ಲ, ಜನರ ಹೆಸರಿನಲ್ಲಿ ಕೆಲವೇ ಮಂದಿ ಹೊಸ ಒಡೆಯರಾಗುತ್ತಾರೆ ಎಂದು ಈತ ಅದರಲ್ಲಿ ಎಚ್ಚರಿಸಿದ. ಮಾರ್ಕ್ಸ್ ಇದನ್ನು ರಷ್ಯನ್ ಮೂಲದಲ್ಲೇ ಓದಿ ವಿವರವಾದ ಟಿಪ್ಪಣಿ ಬರೆದುಕೊಂಡ. ನಗರಸಭೆಯ ಸದಸ್ಯನಾದ ಮಾತ್ರಕ್ಕೆ ಕಾರ್ಖಾನೆಯ ಮಾಲೀಕ ಬಂಡವಾಳಗಾರನಲ್ಲದೆ ಹೋಗುವನೇ ಎಂಬುದು ಅವನ ಮರುಪ್ರಶ್ನೆ. ಆದರೆ ಈ ಉತ್ತರ ಪ್ರಕಟವಾದದ್ದು 20ನೆಯ ಶತಮಾನದಲ್ಲಿ. ಬಕುನಿನ್ ಅದನ್ನು ಓದಲೇ ಇಲ್ಲ.

ಬಕುನಿನ್‌ನ ನಡೆ ನುಡಿಗಳಲ್ಲಿ ವಿರೋಧಾಭಾಸವಿಲ್ಲದಿಲ್ಲ. ಎಲ್ಲ ಅಧಿಕಾರವನ್ನೂ ಧಿಕ್ಕರಿಸಿದ ಈತನೇ, ಜನತೆಯನ್ನು ಮರೆಯಲ್ಲಿದ್ದು ನಡೆಸುವ ರಹಸ್ಯ ಸಂಘಟನೆಗಳನ್ನು ಕಲ್ಪಿಸಿದ. ಮಾರ್ಕ್ಸ್‌ನ ವಿರುದ್ಧದ ಬರಹಗಳಲ್ಲಿ ಯೆಹೂದಿ ದ್ವೇಷವೂ ನುಸುಳಿದೆ.

ಕೊನೆಯ ವರ್ಷಗಳನ್ನು ಅನಾರೋಗ್ಯ ಹಾಗೂ ಸಾಲದ ನಡುವೆ ಸ್ವಿಟ್ಜರ್ಲೆಂಡಿನಲ್ಲಿ ಕಳೆದು, ಬರ್ನ್ ನಗರದಲ್ಲಿ ನಿಧನ ಹೊಂದಿದ. ಅಂತರರಾಷ್ಟ್ರೀಯ ಸಂಘದ ಕೇಂದ್ರ ಮಂಡಳಿ ಅಧಿಕೃತವಾಗಿ ವಿಸರ್ಜನೆಯಾದದ್ದೂ ಅದೇ ತಿಂಗಳು.